ಜಗಲಿಗೆ ಹಾಕಿದ ಮೇಲೆ

ನನ್ನ ತವರುಮನೆಯನ್ನು ನೋಡಲು ಜನ ಬರುತ್ತಾರೆ. ಕಲ್ಯಾಣದುರ್ಗದಲ್ಲಿ ಇಳಿದು, ಬ್ರಹ್ಮಸಮುದ್ರದ ಕಡೆಯ ಬಸ್ಸು ಹತ್ತಿ, ಕ್ರಾಸಿನಿಂದ ಬಿಸಿಲಲ್ಲಿ ನಡೆದುಕೊಂಡು ಬರುತ್ತಾರೆ. ಬಂದವರು ಮೊದಲು ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ, ಆಮೇಲೆ ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾರೆ. ಚಚ್ಚಿಕೊಂಡದ್ದನ್ನು ನೋಡಿದರೆ ನನಗೆ ಒಳಗೊಳಗೇ ಸಂತೋಷ. ಒಳ್ಳೆಯ ಗುಣವಲ್ಲ, ಗೊತ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ಒಳ್ಳೆಯ ಗುಣ ಎಲ್ಲಿಂದ ಬರಬೇಕು?

ಬಾಗಿಲು ಅಂದರೆ ನಿಮ್ಮ ಮನೆಯ ಬಾಗಿಲಿನ ಹಾಗಲ್ಲ. ಹೊಸ್ತಿಲು ಮೊಣಕಾಲೆತ್ತರ, ಒಂದೇ ಕಲ್ಲು. ಮೇಲಿನ ಅಡ್ಡಗಲ್ಲು ಎದೆಯ ಮಟ್ಟಕ್ಕೆ ಇಳಿದಿದೆ, ಅದೂ ಒಂದೇ ಕಲ್ಲು. ನಡುವೆ ಉಳಿಯುವುದು ಕಿಟಕಿಯಷ್ಟು ಜಾಗ. ಕಾಲೆತ್ತಿ ಹೊಸ್ತಿಲು ದಾಟುವಾಗಲೇ ತಲೆ ಬಗ್ಗಿಸಬೇಕು. ಕತ್ತನ್ನು ಮೊದಲು ಒಳಗೆ ಕೊಟ್ಟು, ಮಿಕ್ಕ ಮೈಯನ್ನು ಆಮೇಲೆ ತರಬೇಕು. ತಂದ ಕೂಡಲೇ ಎದುರಿಗೆ ಅಡ್ಡಗೋಡೆ. ಬಲಕ್ಕೆ ತಿರುಗಿ, ಒಬ್ಬರೇ ಹಿಡಿಸುವ ಓಣಿಯಲ್ಲಿ ನಡೆದರೆ ನಡುಮನೆ. ಆ ತಿರುವಿನ ಗೋಡೆಯಲ್ಲಿ ಒಂದು ಗೂಡಿದೆ, ದೀಪದ ಗೂಡಿಗಿಂತ ಉದ್ದ. ಅಲ್ಲಿ ಹಿಂದೆ ಕತ್ತಿ ಇಡುತ್ತಿದ್ದರಂತೆ. ಬಾಗಿಲಲ್ಲಿ ಬಗ್ಗಿದವನು ಕಳ್ಳನೋ ಪಾಳೇಗಾರನ ಆಳೋ ಆಗಿದ್ದರೆ ಅವನು ಮೇಲೇಳುವುದೇ ಬೇಡ ಎಂದು.

ಈ ಕಥೆ ಹೇಳಿದವಳು ಅತ್ತೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಅವಳನ್ನು ಚಿಕ್ಕ ವಯಸ್ಸಿಗೇ ಸೋಮಂದೇಪಲ್ಲಿಯ ಕಡೆ ಕೊಟ್ಟಿದ್ದರು. ಗಂಡ ಬೇಗ ಸತ್ತ, ಆ ಮನೆಯವರು ಎತ್ತಿನ ಗಾಡಿಯಲ್ಲಿ ತಂದು ನಮ್ಮ ಜಗಲಿಯ ಹತ್ತಿರ ಇಳಿಸಿ ಹೋದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ಅತ್ತೆ ಕೊಟ್ಟ ಮನೆಗೂ ಹೊರಗು, ಹುಟ್ಟಿದ ಮನೆಗೂ ಹೊರಗು, ಒಲೆಗೆ ಮಾತ್ರ ಒಳಗು. ನಮ್ಮಮ್ಮ ತೀರಿಕೊಂಡ ಮೇಲೆ ಅಣ್ಣನನ್ನೂ ನನ್ನನ್ನೂ ಸಾಕಿದವಳು ಅವಳೇ. ಅಣ್ಣ ಅವಳ ಮಗ್ಗುಲು ಬಿಟ್ಟು ಮಲಗಿದವನಲ್ಲ. ಮದುವೆಯ ಮಾತು ಬರುವವರೆಗೂ ಅವಳೇ ಅವನ ತಲೆಗೆ ಎಣ್ಣೆ ಒತ್ತುತ್ತಿದ್ದಳು.

ಮನೆ ಯಾರು ಕಟ್ಟಿದ್ದು ಎಂಬುದಕ್ಕೆ ನಮ್ಮಲ್ಲಿ ಎರಡು ಚರಿತ್ರೆಗಳಿವೆ. ನಮ್ಮವರ ಪ್ರಕಾರ ನಮ್ಮ ಹಿರಿಯರು ಎತ್ತುಗಳ ಮೇಲೆ ಉಪ್ಪು, ಬಟ್ಟೆ ಹೇರಿಕೊಂಡು ತಿರುಗಿದ ವ್ಯಾಪಾರಸ್ಥರು. ಪಾಳೇಗಾರನಿಗೆ ಏನೋ ಉಪಕಾರ ಮಾಡಿ ಜಾಗ ಪಡೆದು ಕಟ್ಟಿಸಿದರು. ಇಲಾಖೆಯ ಮೇಡಮ್ಮನವರ ಪ್ರಕಾರ ಇದು ವಿಜಯನಗರದ ಕಾಲದ ಯಾವನೋ ಠಾಣೆಯವನ ಮನೆ, ನಮ್ಮವರು ಆಮೇಲೆ ಬಂದು ಸೇರಿಕೊಂಡವರು. ಶಾಸನವಿಲ್ಲ, ಆದ್ದರಿಂದ ಜಗಳಕ್ಕೂ ಕೊನೆಯಿಲ್ಲ. ಮೇಡಮ್ಮ ಇದನ್ನು ಹೇಳಿದ ದಿನ ಅಣ್ಣ ಕೋಪ ಮಾಡಿಕೊಂಡು ಊಟ ಬಿಟ್ಟಿದ್ದ. ಅತ್ತೆ ಮಾತ್ರ, "ಯಾರ್ ಕಟ್ಟಿದ್ರೇನು ಬುಡ್ರಮ್ಮಾ, ಕಸ ಗುಡ್ಸಿದ್ದು ನಾನು" ಎಂದು ಅವರಿಗೆ ಮಜ್ಜಿಗೆ ತಂದುಕೊಟ್ಟಿದ್ದಳು.

ಗೋಡೆಗಳಿಗೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರಕ್ಕೆ ತಾನೇ ಕೂತಿದೆ. ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಹಲ್ಲು ಕಚ್ಚಿದಂಥ ಗುರುತುಗಳು; ಬಂಡೆಗೆ ತೂತು ಹೊಡೆದು, ಬೆಣೆ ಬಡಿದು ಸೀಳಿದ ಕಡೆ ಉಳಿದವು. ಮಾಳಿಗೆಗೆ ಚಪ್ಪಡಿ, ಚಪ್ಪಡಿಯ ಮೇಲೆ ಚೌಳು ಮಣ್ಣು. ಆ ಮಣ್ಣು ನೀರನ್ನು ಕೆಳಗೆ ಬಿಡುವುದಿಲ್ಲವೆಂದು ನಮ್ಮ ಸೀಮೆಯಲ್ಲೆಲ್ಲ ಮಾಳಿಗೆಗೆ ಅದನ್ನೇ ಹೊದಿಸುತ್ತಾರೆ. ಪ್ರತಿ ವರ್ಷ ಮಳೆಗೆ ಮುಂಚೆ ನಾವು ಹೊಸ ಮಣ್ಣು ಹೊತ್ತು ಹಾಕುತ್ತಿದ್ದೆವು, ಹಳೆಯದನ್ನು ತೆಗೆಯುತ್ತಿರಲಿಲ್ಲ. ಹಿರಿಯರು ಹಾಕಿದ್ದನ್ನು ತೆಗೆಯುವುದುಂಟೆ? ಅಪ್ಪ ಹಾಕಿದ್ದು, ತಾತ ಹಾಕಿದ್ದು, ಅವರಪ್ಪ ಹಾಕಿದ್ದು, ಎಲ್ಲವೂ ನಮ್ಮ ತಲೆಯ ಮೇಲೇ ಇತ್ತು. ಆ ಭಾರಕ್ಕೆ ಹಿಂದಿನ ಗೋಡೆ ಬಸುರಿಯ ಹಾಗೆ ಹೊಟ್ಟೆ ಬಿಟ್ಟಿತ್ತು.

ನಡುಮನೆಯ ಮೇಲೆ ಮೊರದಷ್ಟು ಅಗಲದ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಒರಳಿನ ಮೇಲೆ ಬೀಳುತ್ತದೆ, ಸಂಜೆಗೆ ಹಗೇವಿನ ಬಾಯಿಗೆ ಬರುತ್ತದೆ. ಹಗೇವು ಎಂದರೆ ನೆಲದೊಳಗೆ ರಾಗಿ ಇಡುತ್ತಿದ್ದ ಗುಂಡಿ. ಅತ್ತೆಯ ಚಾಪೆ ಆ ಗುಂಡಿಯ ಚಪ್ಪಡಿಯ ಪಕ್ಕ. ಬೇಸಿಗೆಯಲ್ಲಿ ಅಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮನೆಯಲ್ಲಿ ಅವಳದು ಅಂತ ಇದ್ದದ್ದು ಅಷ್ಟು ನೆಲ.

ಅಷ್ಟು ದೊಡ್ಡ ಮನೆಗೆ ಬಾಗಿಲು ಒಂದೇ. ಹಿತ್ತಿಲ ಬಾಗಿಲಿಲ್ಲ. ಅಣ್ಣ ಫ್ರಿಜ್ಜು ತಂದಾಗ ಅದು ಬಾಗಿಲಲ್ಲಿ ಹಿಡಿಸದೆ ಜಗಲಿಯ ಮೇಲೇ ನಿಂತಿತು, ಹೋಗಿಬರುವವರಿಗೆಲ್ಲ ತಣ್ಣೀರು ಕೊಟ್ಟುಕೊಂಡು. ಅಡ್ಡಗಲ್ಲು ಒಡೆಸಿ ಬಾಗಿಲು ಎತ್ತರಿಸುತ್ತೇನೆಂದು ಅಣ್ಣ ಹೊರಟಿದ್ದ. ಅಷ್ಟರಲ್ಲಿ ಇಲಾಖೆಯವರು ಬಂದು, ಇದು ರಕ್ಷಿತ ಕಟ್ಟಡ, ನೀವು ವಾಸ ಮಾಡಬಹುದು, ಆದರೆ ಒಂದು ಮೊಳೆಯನ್ನೂ ಹೊಡೆಯಬಾರದು ಎಂದು ಬೋರ್ಡು ನೆಟ್ಟರು. ಒಬ್ಬ ಕಾವಲುಗಾರನನ್ನೂ ಇಟ್ಟರು. ಫ್ರಿಜ್ಜು ದನದ ಕೊಟ್ಟಿಗೆಗೆ ಹೋಯಿತು, ಬಾಗಿಲು ಇದ್ದಷ್ಟೇ ಉಳಿಯಿತು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮವರು ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಜೀವ ಹೋದ ಕೂಡಲೇ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ, ಬಟ್ಟೆಯಲ್ಲಿ ಕಟ್ಟಿ ಕೂರಿಸುತ್ತಾರೆ. ಎಡಗೈಯಲ್ಲಿ ಲಿಂಗ. ಕೂತ ಹಾಗೆಯೇ ವಿಮಾನದಲ್ಲಿ, ಅಂದರೆ ಗಳ ಕಟ್ಟಿ ಹೂ ಮುಚ್ಚಿದ ಚಟ್ಟದಲ್ಲಿ ಹೊತ್ತು, ಕೂತ ಹಾಗೆಯೇ ಗುಂಡಿಗೆ ಇಳಿಸುತ್ತಾರೆ. ಬೇರೆ ಮನೆಗಳಲ್ಲಿ ಇದಕ್ಕೇನೂ ತೊಂದರೆಯಿಲ್ಲ. ನಮ್ಮ ಬಾಗಿಲಲ್ಲಿ ಕೂತ ಹೆಣ ಹಿಡಿಸುವುದಿಲ್ಲ. ನೆಟ್ಟಗೆ ತಂದರೆ ತಲೆ ಅಡ್ಡ, ಓರೆ ಮಾಡಿದರೆ ಮೊಣಕಾಲು ಅಡ್ಡ, ಹಿಂದಕ್ಕೆ ಸರಿದು ತಿರುಗಿಸೋಣವೆಂದರೆ ಅಡ್ಡಗೋಡೆ. ಹಿಂದೆ ಯಾವುದೋ ತಲೆಮಾರಿನ ಮುತ್ತಾತ ಒಳಗೇ ಸತ್ತು ಸೆಟೆದುಕೊಂಡನಂತೆ. ಕತ್ತು ಮುರಿದು ಹೊರಗೆ ತಂದರಂತೆ. ಮುರಿದವನು ಅವನ ಮಗನೇ ಅಂತೆ.

ಅಂದಿನಿಂದ ನಮ್ಮ ಮನೆಯೊಳಗೆ ಯಾರೂ ಸಾಯುವುದಿಲ್ಲ. ಸಾಯುವ ಗುರುತು ಕಂಡರೆ, ಮೈ ಇನ್ನೂ ಬಗ್ಗುವಾಗಲೇ, ಒಬ್ಬರು ಬೆನ್ನ ಮೇಲೆ ಹಾಕಿಕೊಂಡು ಬಾಗಿಲು ದಾಟಿಸಿ ಹೊರಗಿನ ಕಲ್ಲು ಜಗಲಿಯ ಮೇಲೆ ಕೂರಿಸುತ್ತಾರೆ. ಇದಕ್ಕೆ ಜಗಲಿಗೆ ಹಾಕುವುದು ಎಂದು ಹೆಸರು. ಸತ್ತ ಕೂಡಲೇ ಮಲಗಿಸಿ ಎಳೆದುಕೊಂಡು ಬರಬಹುದಲ್ಲ ಎಂದು ಚಿಕ್ಕವಳಿದ್ದಾಗ ನಾನು ಕೇಳಿದ್ದೆ. ಅತ್ತೆ ಕೆನ್ನೆಗೆ ಕೊಟ್ಟಳು.

"ಎಳ್ಕೊಂಡು ಬರಾಕೆ ಅದೇನು ಸತ್ತ ನಾಯೇನೇ?"

ಜಗಲಿಗೆ ಹಾಕಿದವರು ಮತ್ತೆ ಆ ಬಾಗಿಲು ದಾಟಿ ಒಳಗೆ ಬರಬಾರದು. ಬಂದರೆ ಅವರ ಹಿಂದೆಯೇ ಸಾವೂ ಒಳಗೆ ಬಂದು, ಬೇರೆ ಯಾರನ್ನಾದರೂ ಎತ್ತಿಕೊಂಡು ಹೋಗುತ್ತದೆ. ಈ ಮಾತನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಏಕೆಂದರೆ ಜಗಲಿಗೆ ಹೋದವರು ಯಾರೂ ಬದುಕಿರಲಿಲ್ಲ. ಬದುಕುವುದಾದರೂ ಹೇಗೆ? ಅನ್ನ ನಿಲ್ಲಿಸುತ್ತಾರೆ. ಬಾಯಿಗೆ ತೀರ್ಥದ ಹನಿ ಬಿಡುತ್ತಾರೆ. ಸುತ್ತ ನೆಂಟರು ಕೂತು, ಇನ್ನೂ ಹೋಗಲಿಲ್ಲವಲ್ಲ ಎಂದು ಮುಖ ನೋಡುತ್ತಾರೆ. ಎಂಥ ಗಟ್ಟಿ ಜೀವವಾದರೂ ನಾಚಿಕೆಗೇ ಹೋಗಿಬಿಡಬೇಕು. ನಮ್ಮಮ್ಮ ಅಲ್ಲಿ ಕೂತು ನೀರು ಕೇಳಿದ್ದು ನನಗೆ ನೆನಪಿದೆ. ಹೋಗುವ ಜೀವವನ್ನು ನೀರು ಕೊಟ್ಟು ತಡೆಯಬಾರದೆಂದು ಯಾರೋ ಹಿರಿಯರು ಹೇಳಿದರು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂತು. ಊಟ ಬಿಟ್ಟಳು, ಮಾತು ನಿಂತಿತು, ಗಂಟಲಲ್ಲಿ ಗೊರಗೊರ ಎಂದಿತು. ಹಿಂದೂಪುರದಲ್ಲಿ ನನ್ನ ಗಂಡನ ಅಂಗಡಿಯ ಮುಂದೆ ಬೆಲ್ಲದ ಲಾರಿ ಇಳಿಸುತ್ತಿದ್ದಾಗ ಅಣ್ಣನ ಫೋನ್ ಬಂತು.

"ಅತ್ತೇನ ಜಗಲಿಗೆ ಹಾಕಿದೀವಿ. ಬಂದ್ಬುಡಮ್ಮ."

ಪಾವಗಡದ ಮೇಲಿನ ಬಸ್ಸಿನಲ್ಲಿ ಅಳುತ್ತಾ ಹೋದೆ. ಹೋಗಿ ನೋಡಿದರೆ ಅತ್ತೆಯನ್ನು ಜಗಲಿಯ ಕಂಬಕ್ಕೆ ಹಳೆಯ ಸೀರೆಯಲ್ಲಿ ಕಟ್ಟಿ ಕೂರಿಸಿದ್ದರು. ಹಣೆಗೆ ವಿಭೂತಿ ಬಳಿದಿದ್ದರು. ಹೊಲದಲ್ಲಿ ನಮ್ಮಮ್ಮನ ಪಕ್ಕ ಗುಂಡಿ ತೋಡಿಸಿ ಆಗಿತ್ತು. ಮಣ್ಣಿನ ಶಾಸ್ತ್ರ ಮಾಡಿಸುವ ಅಯ್ಯನವರು ಬಂದು ಕೂತು ಕಾಫಿ ಕುಡಿಯುತ್ತಿದ್ದರು. ಅತ್ತೆಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನಾನು ಯಾರನ್ನೂ ಕೇಳಲಿಲ್ಲ, ಚೊಂಬಿನ ನೀರಿಗೆ ಉಪ್ಪು ಸಕ್ಕರೆ ಕದಡಿ ಚಮಚದಲ್ಲಿ ಹಾಕಿದೆ. ಇಳಿಯಿತು. ಇನ್ನೊಂದು ಚಮಚ ಹಾಕಿದೆ, ಅದೂ ಇಳಿಯಿತು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, "ಯಾಕಮ್ಮಾ ಸಾಯೋ ಜೀವಕ್ಕೆ ಕಷ್ಟ ಕೊಡ್ತೀಯಾ" ಎಂದಳು. ನಾನು ಜಗಳ ಹಿಡಿದು ನರ್ಸಮ್ಮನನ್ನು ಕರೆಸಿದೆ. ಆಕೆ ಜಗಲಿಯ ಕಂಬದ ಕಲ್ಲು ಕೊಕ್ಕೆಗೆ ಸಲೈನ್ ಬಾಟಲಿ ನೇತುಹಾಕಿದಳು. ಕುದುರೆ ಕಟ್ಟಲು ಮಾಡಿದ ಕೊಕ್ಕೆ ಎಂದು ಮೇಡಮ್ಮ ಹೇಳಿದ್ದು ಅದನ್ನೇ.

ಮಾರನೆಯ ದಿನ ಅತ್ತೆ ಕಣ್ಣು ಬಿಟ್ಟಳು. ಸುತ್ತ ಕೂತವರನ್ನೆಲ್ಲ ಒಂದು ಸಲ ನೋಡಿದಳು.

"ಇಷ್ಟೊಂದು ಜನ ಯಾಕ್ ಬಂದವ್ರೆ? ಯಾರಿಗೇನಾಯ್ತು?"

ಅವಳ ಕೈ ಸೊಂಟಕ್ಕೆ ಕಟ್ಟಿದ ಸೀರೆಯನ್ನು ಮುಟ್ಟಿತು, ಬೆನ್ನ ಹಿಂದಿನ ಕಂಬವನ್ನು ಮುಟ್ಟಿತು.

"ಓ, ನಂಗಾ" ಎಂದಳು.

ನೆಂಟರು ಮುಖ ಸಣ್ಣಗೆ ಮಾಡಿಕೊಂಡು ಹೊರಟರು. ಬಂದ ಕೆಲಸ ಆಗದೆ ಹೋಗುವುದು ಯಾರಿಗೂ ಇಷ್ಟವಿರಲಿಲ್ಲ. ತೋಡಿದ ಗುಂಡಿಯನ್ನು ಬರಿದಾಗಿ ಮುಚ್ಚಬಾರದೆಂದು ಅಣ್ಣ ಒಂದು ಬಾಳೆದಿಂಡು ಹೂತು ಬಂದ. ಅದು ತಿಳಿದು ಅತ್ತೆ ನಕ್ಕಳು. "ನನ್ ಬದ್ಲು ದಿಂಡು ಹೋಯ್ತಾ? ಮಣ್ಣು ಹಾಕುವಾಗ ಯಾರಾದ್ರೂ ಅತ್ರೇನ್ಲಾ?" ಎಂದು ಅಣ್ಣನನ್ನೇ ಕೇಳಿದಳು. ಅಣ್ಣ ಎದ್ದು ಕೊಟ್ಟಿಗೆಗೆ ಹೋದ.

ನಗು ಆ ದಿನಕ್ಕೆ ಮುಗಿಯಿತು. ಸಂಜೆ ಅತ್ತೆ ಕಂಬ ಹಿಡಿದು ಎದ್ದು ಬಾಗಿಲ ಕಡೆಗೆ ಹೆಜ್ಜೆ ಇಟ್ಟಳು. ಅತ್ತಿಗೆ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಮಕ್ಳೊಂದಿಗ್ರು ನಾವು. ನಿಮ್ಗೇ ಗೊತ್ತಲ್ಲ, ನೀವೇ ತಾನೆ ಹೇಳ್ಕೊಟ್ಟಿದ್ದು."

ಅದು ನಿಜ. ಮನೆಯ ಎಲ್ಲ ಪದ್ಧತಿಗಳನ್ನೂ ಅತ್ತಿಗೆಗೆ ಕಲಿಸಿದವಳು ಅತ್ತೆಯೇ. ಅವಳು ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೋಗಿ ಕಂಬದ ಬುಡದಲ್ಲಿ ಕೂತಳು.

ನಾನು ಅಯ್ಯನವರ ಹತ್ತಿರ ಹೋದೆ. "ಶಾಸ್ತ್ರದಲ್ಲಿ ಹಂಗೇನೂ ಇಲ್ಲ ಕಣಮ್ಮ. ಅದು ನಿಮ್ ಮನೆ ಪದ್ದತಿ. ನಾನ್ಯಾಕೆ ಮಧ್ಯ ಬರ್ಲಿ?" ಎಂದರು. ಅತ್ತೆಯನ್ನು ಹಿಂದೂಪುರಕ್ಕೆ ಕರೆದೆ. "ಬಾಳೆದಿಂಡಾದ್ರೂ ನಮ್ ಹೊಲ್ದಾಗೆ ಐತೆ. ನಾನು ಬೆಲ್ಲದಂಗ್ಡಿ ಮೂಟೆ ಸಂದೀಲಿ ಸಾಯ್ಲಾ? ನಾ ಬರಾಕಿಲ್ಲ. ನನ್ ಚಾಪೆ ಒಳ್ಗೈತೆ, ಅಲ್ಲಿಗೆ ಹೋಯ್ತೀನಿ" ಎಂದಳು. ಅಣ್ಣನ ಕಾಲೊಂದನ್ನು ಬಿಟ್ಟು ಎಲ್ಲ ಹಿಡಿದೆ. ಅವನು ನೆಲ ನೋಡುತ್ತಾ, "ನಂಗೆ ಮೂರ್ ಮಕ್ಳು" ಎಂದಷ್ಟೇ ಹೇಳಿದ. ಊರಿಗೆಲ್ಲ ನ್ಯಾಯ ಹೇಳುವ ಮನುಷ್ಯ ಅವನು. ಊರಿಗೆ ಉಪಕಾರಿ, ಮನೆಗೆ ಮಾರಿ.

ಹೀಗೆ ಅತ್ತೆ ಜಗಲಿಯಲ್ಲಿ ಉಳಿದಳು. ಚಳಿಗಾಲ ಕಳೆದು ಬೇಸಿಗೆ ಬಂದರೂ ಅಲ್ಲೇ ಇದ್ದಳು. ಕಲ್ಲು ರಾತ್ರಿಯೆಲ್ಲ ಕೊರೆಯುತ್ತದೆ, ಹಗಲೆಲ್ಲ ಸುಡುತ್ತದೆ. ಮರೆಗೆ ಒಂದು ಸೀರೆ ಕಟ್ಟೋಣವೆಂದರೆ ಮೊಳೆ ಹೊಡೆಯುವ ಹಾಗಿಲ್ಲ. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದೆವು. ಕಾವಲುಗಾರ ಬಂದು, "ವದ್ದಮ್ಮಾ, ಬ್ಯಾಡ, ಫೋಟೊದಾಗೆ ಹಗ್ಗ ಕಾಣ್ತದೆ, ಸಾರು ಬೈತಾರೆ" ಎಂದು ಬಿಚ್ಚಿಸಿದ. ಅವನೇನೂ ಕೆಟ್ಟವನಲ್ಲ. ಬಿಚ್ಚಿಸಿದ್ದಕ್ಕೆ ಬೇಸರ ಮಾಡಿಕೊಂಡು ಅತ್ತೆಯ ಜೊತೆ ಹುಲಿಕುರಿ ಆಡಲು ಕೂರುತ್ತಿದ್ದ. ಯಾವ ಕಾಲದ ಯಾವ ಆಳುಗಳೋ ಜಗಲಿಯ ಚಪ್ಪಡಿಯಲ್ಲಿ ಹುಲಿಕುರಿಯ ಮನೆ ಕೆತ್ತಿದ್ದಾರೆ, ಗೆರೆಗಳು ನುಣುಪಾಗಿವೆ. ಅತ್ತೆ ಹುಲಿಯನ್ನು ಕಟ್ಟಿಹಾಕುವುದರಲ್ಲಿ ಗಟ್ಟಿಗಿತ್ತಿ.

ನೋಡಲು ಬಂದವರು ಅವಳನ್ನೂ ಮನೆಯ ಜೊತೆ ಸೇರಿಸಿ ನೋಡಿದರು. "ಅಜ್ಜೀ, ಆ ಕಂಬಕ್ಕೆ ಒರಗಿ ಕೂತ್ಕೊಳ್ಳಿ" ಎಂದರು, ಫೋಟೊ ತೆಗೆದರು. ಅವಳು ಅವರಿಗೆ ಬಾಗಿಲಿನ ಕಥೆ, ಕತ್ತಿಯ ಗೂಡಿನ ಕಥೆ ಹೇಳಿದಳು. ಒಳಗೆ ಏನೇನಿದೆ ಎಂದು ಹೊರಗೆ ಕೂತೇ ವಿವರಿಸಿದಳು. ಬಲಕ್ಕೆ ತಿರುಗಿ, ಬೆಳಕಿಂಡಿ ನೋಡ್ರಿ, ಅದರ ಕೆಳಗೆ ಹಗೇವು ಐತೆ, ಚಪ್ಪಡಿ ಪಕ್ಕ ಒಂದು ಚಾಪೆ ಇರ್ತದೆ, ತುಳೀಬ್ಯಾಡ್ರಿ. ಒಬ್ಬ ಹೆಂಗಸು ಒಳಗೆ ಹೋಗಿ ಬಂದು, ಚಾಪೆಯೇನೂ ಇಲ್ಲವಲ್ಲ ಎಂದಳಂತೆ. ಅತ್ತಿಗೆ ಅದನ್ನು ಎಂದೋ ಹೊರಗೆ ಎಸೆದಿದ್ದಳು. ನಾನು ಮುಂದಿನ ಸಲ ಹೋದಾಗ ಅತ್ತೆ ನನ್ನ ಕಿವಿಯಲ್ಲಿ, "ಚಾಪೆ ಇಲ್ವಂತೆ ಕಣೇ" ಎಂದಳು. ಆಗ ಮಾತ್ರ ಅವಳು ಅತ್ತಳು.

ನಾನು ತಿಂಗಳುಗಟ್ಟಲೆ ಹೊಡೆದಾಡಿ ಆಗದ ಕೆಲಸವನ್ನು ಬೆಳುಗುಪ್ಪದ ಬೀಗರು ಬರದೆಯೇ ಮಾಡಿದರು. ಅಣ್ಣನ ಹಿರಿಯ ಮಗಳನ್ನು ನೋಡಲು ಅಲ್ಲಿಂದ ಒಳ್ಳೆಯ ಮನೆತನದವರು ಬರುತ್ತೇವೆಂದು ಹೇಳಿ ಕಳಿಸಿದರು. ಮುದುಕಿಯನ್ನು ಹೊರಗೆ ಹಾಕಿದ ಮನೆಗೆ ಯಾರು ಸಂಬಂಧ ಬೆಳೆಸುತ್ತಾರೆ? ಅತ್ತಿಗೆಗೆ ನಿದ್ದೆ ಹೋಯಿತು. ಅದೇ ಹೊತ್ತಿಗೆ ಇಲಾಖೆಯವರು ಹೊಟ್ಟೆ ಬಿಟ್ಟ ಹಿಂದಿನ ಗೋಡೆಯ ರಿಪೇರಿಗೆ ಬಂದಿದ್ದರು. ಮಾಳಿಗೆಯ ಹಳೇ ಮಣ್ಣನ್ನೆಲ್ಲ ಇಳಿಸಿ, ಆ ಗೋಡೆಯ ಮೇಲಿನ ಚಪ್ಪಡಿ ತೆಗೆದು, ಗೋಡೆಯ ಕಲ್ಲುಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಒಂದೊಂದಾಗಿ ಬಿಚ್ಚಿ ಅಂಗಳದಲ್ಲಿ ಜೋಡಿಸಿದ್ದರು. ಹುಟ್ಟಿದಾಗಿನಿಂದ ಕತ್ತಲಾಗಿದ್ದ ನಮ್ಮ ಅಡುಗೆಮನೆಗೆ ಮೊದಲ ಸಲ ಹೊಲ ಕಾಣಿಸಿತು. ಬಿಚ್ಚಿದ ಜಾಗದಲ್ಲಿ ಎತ್ತು ನಡೆದು ಹೋಗುವಷ್ಟು ದಾರಿಯಾಗಿತ್ತು.

ಆ ಸಂದನ್ನು ನೋಡಿ ಅತ್ತಿಗೆಗೆ ಶಾಸ್ತ್ರ ಹೊಳೆಯಿತು.

"ಬಾಗ್ಲಾಗೆ ಬರಂಗಿಲ್ಲ ಅಂತ ತಾನೆ ಇರಾದು. ಗೋಡೇಲಿ ಬಂದ್ರೆ ಏನಂತೆ? ಅತ್ತೇನ ಒಳಕ್ಕೆ ಕರ್ಕೊಂಡ್ಬುಡಾನ."

ಇಷ್ಟು ದಿನ ಇಲ್ಲದ ಈ ಬುದ್ಧಿಗೆ ಎಲ್ಲರೂ ತಲೆದೂಗಿದರು. ಅಯ್ಯನವರೂ ಹೌದೆಂದರು. ನಾನು ಆ ದಿನ ಅಲ್ಲೇ ಇದ್ದೆ. ಅತ್ತೆಗೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಮನೆಯನ್ನು ಸುತ್ತಿಸಿಕೊಂಡು ಹಿಂದಕ್ಕೆ ಕರೆದುಕೊಂಡು ಹೋದೆವು. ಅವಳು ಬಿಚ್ಚಿದ ಗೋಡೆಯ ಬಾಯಲ್ಲಿ ನಿಂತು, ಅಭ್ಯಾಸಬಲದಿಂದ ತಲೆ ಬಗ್ಗಿಸಿದಳು. ಬಗ್ಗಿಸುವ ಅಗತ್ಯವಿರಲಿಲ್ಲ, ಮೇಲೆ ಬರೀ ಆಕಾಶವಿತ್ತು. ನಾನು ಹೊಸ ಚಾಪೆ ತಂದಿದ್ದೆ. ಹಗೇವಿನ ಪಕ್ಕ ಹಾಸಿದೆ. ಅವಳು ಮಲಗಿ ಗೋಡೆ ಕಡೆಗೆ ಮುಖ ಮಾಡಿ ನಿದ್ದೆ ಹೋದಳು. ನನಗೆ ಗೆದ್ದೆನೆಂಬ ಹೆಮ್ಮೆ.

ಬೀಗರು ಬಂದರು, ಒಪ್ಪಿದರು. ಇಲಾಖೆಯವರು ಕಲ್ಲುಗಳನ್ನು ನಂಬರಿನ ಪ್ರಕಾರ ವಾಪಸ್ಸು ಕೂರಿಸಿ ಗೋಡೆ ಮುಚ್ಚಿದರು. ಕೆಲಸ ಅಚ್ಚುಕಟ್ಟು, ಎಲ್ಲಿ ಬಿಚ್ಚಿದ್ದರೆಂದು ಹೇಳಲಾಗದು. ಮನೆ ಮತ್ತೆ ಒಂದೇ ಬಾಗಿಲಿನ ಮನೆಯಾಯಿತು.

ಮುಂದಿನ ಬೇಸಿಗೆಗೆ ಮದುವೆ ನಿಂತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಒಂದು ದಿನ ಬೆಳಿಗ್ಗೆ ಅಣ್ಣನ ಕಿರಿಯ ಮಗಳ ಫೋನಿನಿಂದ ಅತ್ತೆ ಮಾತಾಡಿದಳು.

"ನನ್ನ ಹೊರಕ್ಕೆ ಹಾಕ್ರಿ ಅಂದೆ. ಬ್ಯಾಡ ಅಂತವ್ರೆ. ನೀನಾದ್ರೂ ಹೇಳಮ್ಮ."

"ಯಾಕತ್ತೆ, ಜ್ವರಾನ?"

"ಏನೂ ಇಲ್ಲ. ಹೋಯ್ತೀನಿ ಅನ್ನಿಸ್ತೈತೆ, ಅಷ್ಟೇಯ. ನಮ್ ಮುತ್ತಾತಂಗೆ ಆದಂಗೆ ನಂಗಾಗಬಾರ್ದು."

ಅಣ್ಣನಿಗೆ ಫೋನ್ ಮಾಡಿದೆ. ಅವರೆಲ್ಲ ಮದುವೆ ಸೀರೆ ತರಲು ಕಲ್ಯಾಣದುರ್ಗಕ್ಕೆ ಹೊರಟು ನಿಂತಿದ್ದರು. "ಚೆನ್ನಾಗೇ ಅವ್ಳೆ, ಇವಾಗ ಮುದ್ದೆ ಉಂಡವ್ಳೆ. ಒಂದ್ಸಲ ಹಾಕಿ ಊರೆಲ್ಲ ನಗೋ ಹಂಗಾಗೈತೆ. ಮದ್ವೆ ಮುಂದಿಟ್ಕೊಂಡು ಮತ್ತೆ ಜಗಲಿಗೆ ಹಾಕಿದ್ರೆ ಬೀಗರು ಏನಂದಾರು?" ಎಂದ. ಅಂದು ಬದುಕುವವಳನ್ನು ಹಾಕಿದರು, ಇಂದು ಅವಳೇ ಕೇಳಿದರೂ ಹಾಕಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಬಸ್ಸು ಬಂತು ಎಂದು ಇಟ್ಟ. ನಾನು ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಹೊರಡುವುದೆಂದು ಬಟ್ಟೆ ತುಂಬಿಕೊಂಡೆ.

ಅಂದು ಕಾವಲುಗಾರನಿಗೆ ವಾರದ ರಜೆ. ಕಾವಲುಗಾರನಿಲ್ಲ, ಒಳಗೆ ವಯಸ್ಸಾದವಳು ಒಬ್ಬಳೇ, ನೋಡಲು ಬಂದವರು ಯಾರಾದರೂ ನುಗ್ಗಿಯಾರೆಂದು ಅಣ್ಣ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದ.

ಸಂಜೆ ಬಂದು ಬೀಗ ತೆಗೆದರೆ ಬಾಗಿಲು ಪೂರ್ತಿ ತೆರೆಯಲಿಲ್ಲವಂತೆ. ಅತ್ತೆ ಬಾಗಿಲ ಹಿಂದೆ, ತಿರುವಿನಲ್ಲಿ, ಕತ್ತಿಯ ಗೂಡಿನ ಕೆಳಗೆ ಕೂತಿದ್ದಳು. ಚಕ್ಕಳಮಕ್ಕಳ ಹಾಕಿ, ಬೆನ್ನನ್ನು ಅಡ್ಡಗೋಡೆಗೆ ಒರಗಿಸಿ, ಎಡಗೈಯಲ್ಲಿ ಲಿಂಗ ಹಿಡಿದುಕೊಂಡು. ಯಾರೂ ಹೊರಗೆ ಹಾಕುವುದಿಲ್ಲವೆಂದು ತಾನೇ ಎದ್ದು ಬಂದಿದ್ದಳು. ಬಾಗಿಲು ಬೀಗ ಹಾಕಿತ್ತು. ಎಷ್ಟು ಹೊತ್ತು ಬಡಿದಳೋ ಯಾರಿಗೂ ಗೊತ್ತಿಲ್ಲ. ಮೈ ಆಗಲೇ ಕಲ್ಲಾಗಿತ್ತು.

ನಾನು ಮಾರನೆಯ ದಿನ ತಲುಪಿದಾಗ ಊರಿಗೆ ಊರೇ ಜಗಲಿಯ ಮುಂದೆ ನಿಂತಿತ್ತು. ಯೋಗಿಗಳ ಸಾವು, ಕೂತಲ್ಲೇ ಐಕ್ಯವಾದಳು, ಪುಣ್ಯವಂತೆ ಎಂದು ಹೆಂಗಸರು ಕೈ ಮುಗಿಯುತ್ತಿದ್ದರು. ಅಂಗಳದಲ್ಲಿ ವಿಮಾನ ಸಿದ್ಧವಾಗಿತ್ತು. ಹಿಂದಿನ ಗೋಡೆ ಬಿಚ್ಚಿಸೋಣ, ಒಂದು ಸಲ ಬಿಚ್ಚಿದ್ದೇ ಅಲ್ಲವೆ ಎಂದು ನಾನು ಕೂಗಾಡಿದೆ. ಕಾವಲುಗಾರ ಬೆವರುತ್ತಾ ಮೇಲಿನವರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದ. "ಲೆಟರ್ ಪೆಟ್ಟಂಡಿ, ಚೂದ್ದಾಂ" ಎಂದಿತು ಅತ್ತಲಿನ ತೆಲುಗು ಧ್ವನಿ. ಕಾಗದ ಬರೆಯಿರಿ, ನೋಡೋಣ. ಕಾವಲುಗಾರ ಫೋನು ಜೇಬಿಗಿಟ್ಟು, ತಲೆಯ ಮೇಲಿನ ಟವೆಲ್ಲು ತೆಗೆದು ಕಣ್ಣೊರೆಸಿಕೊಂಡ. ಬಿಸಿಲು ಏರುತ್ತಿದೆ, ಇನ್ನು ಇಡುವ ಹಾಗಿಲ್ಲ ಎಂದರು ಅಯ್ಯನವರು. ಎಲ್ಲರೂ ಅಣ್ಣನ ಮುಖ ನೋಡಿದರು. ಮಗನ ಸ್ಥಾನದಲ್ಲಿ ಇದ್ದವನು ಅವನೊಬ್ಬನೇ.

ಅಣ್ಣ ಅಂಗಿ ಬಿಚ್ಚಿಟ್ಟು, ಬಗ್ಗಿ, ಬಾಗಿಲ ಸಂದಿನಲ್ಲಿ ಒಳಗೆ ನುಸುಳಿದ. ಅವನ ಹಿಂದೆ ಇಬ್ಬರು ಹೋದರು. ನಾನು ಜಗಲಿಯ ಮೇಲೆ ಹುಲಿಕುರಿ ಚಪ್ಪಡಿಯ ಹತ್ತಿರ ಕೂತೆ. ಅತ್ತೆಯ ಕಾಯಿಕಲ್ಲುಗಳು ಇನ್ನೂ ಗೆರೆಗಳ ಮೇಲೇ ಇದ್ದವು. ಒಳಗಿನಿಂದ ಅಣ್ಣ, "ತಡ್ಕಳವ್ವಾ, ತಡ್ಕ" ಎಂದದ್ದು ಕೇಳಿಸಿತು. ಚಿಕ್ಕವನಿದ್ದಾಗ ಮುಳ್ಳು ತೆಗೆಯುವಾಗ ಅವಳು ಅವನಿಗೆ ಹೇಳುತ್ತಿದ್ದ ಮಾತು ಅದು. ಆಮೇಲೆ ಆ ಶಬ್ದ ಕೇಳಿಸಿತು. ಕಲ್ಲುಮನೆಯಲ್ಲಿ ಶಬ್ದ ಒಳಗೇ ತಿರುಗಿ ದೊಡ್ಡದಾಗುತ್ತದೆ. ಎರಡನೆಯ ಸಲವೂ ಕೇಳಿಸಿತು. ಕೈ ಮುಗಿದು ನಿಂತಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು, ನಾನು ಮುಚ್ಚಿಕೊಳ್ಳಲಿಲ್ಲ.

ಅತ್ತೆ ಬಾಗಿಲಲ್ಲಿ ಬಂದಳು. ಅವಳು ಬಂದವರಿಗೆಲ್ಲ ಹೇಳುತ್ತಿದ್ದ ಹಾಗೆಯೇ, ಕತ್ತು ಮೊದಲು, ಮಿಕ್ಕ ಮೈ ಆಮೇಲೆ. ತಲೆ ನಿಲ್ಲದೆ ಎದೆಯ ಮೇಲೆ ಬಿದ್ದಿತ್ತು. ವಿಮಾನದಲ್ಲಿ ಕೂರಿಸಿ, ಹಣೆಗೆ ಒಂದು ಪಟ್ಟಿ ಸುತ್ತಿ ಹಿಂದಿನ ಗಳಕ್ಕೆ ಬಿಗಿದು, ಮೇಲೆ ಸೇವಂತಿಗೆ ಹೂ ಮುಚ್ಚಿದರು. ಬಾಳೆದಿಂಡು ಹೂತ ಗುಂಡಿಯನ್ನೇ ಮತ್ತೆ ಅಗೆದರು. ದಿಂಡು ಕೊಳೆತು ಗುರುತೇ ಇರಲಿಲ್ಲ.

ಮದುವೆ ಮುಂದಕ್ಕೆ ಹೋಗಿ ನಡೆಯಿತು. ಈಗ ಅಣ್ಣನೇ ನೋಡಲು ಬಂದವರಿಗೆ ಬಾಗಿಲಿನ ಕಥೆ ಹೇಳುತ್ತಾನೆ. ಹೊರಗಿನಿಂದ ಬರುವ ಕಳ್ಳರ ಕುತ್ತಿಗೆಗೆಂದು ಕಟ್ಟಿದ ಬಾಗಿಲು ಎನ್ನುತ್ತಾನೆ, ಕತ್ತಿಯ ಗೂಡು ತೋರಿಸುತ್ತಾನೆ. ಆ ಬಾಗಿಲಲ್ಲಿ ಯಾವ ಕಳ್ಳನ ಕತ್ತಾದರೂ ಹೋದದ್ದಕ್ಕೆ ಗುರುತಿಲ್ಲ. ಮನೆಯವರ ಎರಡು ಕತ್ತು ಹೋದದ್ದು ಮಾತ್ರ ಊರಿಗೆಲ್ಲ ಗೊತ್ತು, ಬೋರ್ಡಿನಲ್ಲಿ ಬರೆದಿಲ್ಲ.

ಮೊನ್ನೆ ಹಿಂದೂಪುರದಲ್ಲಿ ಗಂಡನ ಸಕ್ಕರೆ ಕಾಯಿಲೆಗೆ ತೋರಿಸಲು ಹೋದಾಗ, ಮಾತಿಗೆ ಮಾತು ಬಂದು ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಹೆಣ ಸೆಟೆದುಕೊಂಡದ್ದು ಹಾಗೇ ಇರುವುದಿಲ್ಲಮ್ಮ, ಬೇಸಿಗೆಯಲ್ಲಂತೂ ಬೇಗ ಸಡಿಲವಾಗುತ್ತದೆ, ಇನ್ನೊಂದು ಹಗಲು ಕಾದಿದ್ದರೆ ಮಗುವಿನ ಹಾಗೆ ಬಗ್ಗುತ್ತಿತ್ತು, ಬೆನ್ನ ಮೇಲೆ ಹಾಕಿಕೊಂಡು ಬರಬಹುದಿತ್ತು ಎಂದರು. ಮುತ್ತಾತನ ಕಾಲದಿಂದ ಆ ಮನೆಯಲ್ಲಿ ಇಷ್ಟೊಂದು ಜನ ಹುಟ್ಟಿ ಸತ್ತರೂ, ಒಂದು ಹಗಲು ಸುಮ್ಮನೆ ಕಾದು ನೋಡಿದವರು ಒಬ್ಬರೂ ಇರಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಬೇಡ, ಈಗ ಹೇಳಿ ಏನು ಬಂತು ಎಂದು ನನ್ನ ಗಂಡ ಕೈ ಹಿಡಿದ. ಕೊಡವಿಕೊಂಡೆ. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನಿಗೆ ಗೊತ್ತಾಗಲಿ ಎಂದೇ ಹೇಳಿದೆ, ಅದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಆ ಕಡೆಯಿಂದ ಯಾರೋ ಬಾಗಿಲಿಗೆ ಹಣೆ ಬಡಿದುಕೊಂಡದ್ದು, ಜೊತೆಯವರು ನಕ್ಕದ್ದು ಕೇಳಿಸಿತು.

"ಇಷ್ಟು ದಿನ ಹೆಂಗೋ ನಿದ್ದೆ ಬತ್ತಿತ್ತು ಕಣಮ್ಮ" ಎಂದು ಅಣ್ಣ ಫೋನ್ ಇಟ್ಟ.